ಉಪ್ಪಿನ ಆಗರ, ಹೆಂಚಿನ ಮಾಡುಗಳೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪುರಾತತ್ವದ ಮಾತು ಬನವಾಸಿಯ ಶಾಸನ, ಮಿರ್ಜಾನ ಕೋಟೆ, ಭಟ್ಕಳದ ಬಸದಿಗಳಿಗೇ ಮುಗಿಯುತ್ತದೆ. ಜನ ದುಡಿದ ಜಾಗಗಳಾದ ಉಪ್ಪಿನ ಆಗರ, ಬಂದರಿನ ಹಳೆಯ ಗೋದಾಮು, ಹೆಂಚಿನ ಮಾಡುಗಳನ್ನು ಯಾರೂ ಆ ಸಾಲಿಗೆ ಸೇರಿಸುವುದಿಲ್ಲ. ಹೀಗಾಗಿ ಅಂಥದ್ದೊಂದು ಕಟ್ಟಡ ನೆಲಕ್ಕುರುಳಿದರೆ ಅದರ ಅಳತೆಯ ನಕ್ಷೆಯೂ ನಮ್ಮಲ್ಲಿ ಉಳಿಯುವುದಿಲ್ಲ.

ದುಡಿಮೆಯ ಹಳೆಯ ಜಾಗ, ಕಟ್ಟಡ, ಸಲಕರಣೆಗಳನ್ನು ದಾಖಲಿಸಿ ಅಧ್ಯಯನ ಮಾಡುವ ಕೈಗಾರಿಕಾ ಪುರಾತತ್ವವೆಂಬ ಶಿಸ್ತು ಬೆಳೆದದ್ದೇ ಇಂಥ ನಷ್ಟದ ಅರಿವಿನಿಂದ. 1955ರಲ್ಲಿ ಇಂಗ್ಲೆಂಡಿನ ಮೈಕೆಲ್ ರಿಕ್ಸ್ ಬರೆದ ಲೇಖನದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಅವರು ವಯಸ್ಕರ ಶಿಕ್ಷಣದಲ್ಲಿ ಪಾಠ ಹೇಳುತ್ತಿದ್ದವರು. ಆರಂಭದ ಕ್ಷೇತ್ರಕಾರ್ಯವನ್ನು ಬಹುಮಟ್ಟಿಗೆ ಮಾಡಿದವರೂ ಸಂಜೆಯ ತರಗತಿಗೆ ಬರುತ್ತಿದ್ದಂಥ ಸಾಮಾನ್ಯ ಆಸಕ್ತರೇ. ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಕಲ್ಲಿನ ಮಹಾದ್ವಾರವನ್ನು 1961–62ರಲ್ಲಿ ವಿರೋಧದ ನಡುವೆಯೇ ಕೆಡವಿದ ಮೇಲೆ ಈ ಕೆಲಸಕ್ಕೆ ಇನ್ನಷ್ಟು ಬಲ ಬಂತು. 2003ರಲ್ಲಿ ರಷ್ಯಾದ ನಿಜ್ನಿ ತಾಗಿಲ್‌ನಲ್ಲಿ ಅಂಗೀಕರಿಸಿದ ಕೈಗಾರಿಕಾ ಪರಂಪರೆಯ ಸನ್ನದಿನ ಒಂದು ಅಂಶ ನಮಗೆ ಬಹಳ ಮುಖ್ಯ: ಕೆಲಸ ನಿಲ್ಲುವ ಮೊದಲೇ ದಾಖಲಿಸಿದರೆ ಹೆಚ್ಚು ತಿಳಿಯುತ್ತದೆ, ದುಡಿದವರ ನೆನಪಿಗೆ ಬದಲಿಯಿಲ್ಲ.

ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಆ ಅವಕಾಶ ನಮಗೆ ಇನ್ನೂ ಇದೆ. ಭರತದ (ಸಮುದ್ರದ ಉಬ್ಬರದ) ನೀರನ್ನು ಒಳಕ್ಕೆ ಬಿಟ್ಟುಕೊಂಡು, ಬಿಸಿಲಿಗೆ ಗಟ್ಟಿಯಾಗುತ್ತ ಬಂದಂತೆ ಅದನ್ನು ಪಾತಿಯಿಂದ ಪಾತಿಗೆ ಹರಿಸಿ, ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುವ ಆ ಕೆಲಸದಲ್ಲಿ, ನೀರನ್ನು ಯಾವ ಹೊತ್ತಿಗೆ ಬದಲಿಸಬೇಕೆಂಬುದು ಕೆಲಸಗಾರರ ಕಣ್ಣಿಗೆ ಮಾತ್ರ ಗೊತ್ತು. ಒಡ್ಡು, ನೀರು ಬಿಡುವ ಬಾಗಿಲು, ಪಾತಿಗಳ ಅಳತೆ ತೆಗೆದು ನಕ್ಷೆ ಬರೆಯುವುದು, ಹಳೆಯ ಸರ್ವೆ ನಕ್ಷೆಗಳೊಂದಿಗೆ ಹೋಲಿಸುವುದು, ಸಲಕರಣೆಗಳನ್ನು ಅಳತೆಪಟ್ಟಿಯಿಟ್ಟು ಚಿತ್ರಿಸುವುದು, ಕೆಲಸವನ್ನು ವಿಡಿಯೊದಲ್ಲಿ ಹಿಡಿಯುವುದು, ಹಿರಿಯರ ಮಾತನ್ನು ಅವರದೇ ನುಡಿಯಲ್ಲಿ ಧ್ವನಿಮುದ್ರಿಸುವುದು ಈ ಶಿಸ್ತಿನ ವಿಧಾನ. ಇದಕ್ಕೆ ನೆಲ ಅಗೆಯಬೇಕಾಗಿಲ್ಲ.

ಆದರೆ ಎಚ್ಚರ ಬೇಕು. ಕರಾವಳಿಯ ಹಳೆಯ ಮಾಡುಗಳ ಮೇಲಿನ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಹೆಂಚುಗಳಲ್ಲಿ ‘1865’ ಎಂಬ ಅಚ್ಚು ಕಂಡರೆ ಮನೆಯೂ ಅಷ್ಟೇ ಹಳೆಯದೆಂದು ಹೇಳಿಬಿಡುವವರುಂಟು. ಅದು ಮಂಗಳೂರಿನಲ್ಲಿ ಮಿಶನ್ನಿನ ಮೊದಲ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ತೆರೆದ ಕಾರ್ಖಾನೆಗಳ ಹೆಂಚಿನ ಮೇಲೂ ಅದೇ ವರ್ಷ ಅಚ್ಚಾಗಿದೆ. ಆದ್ದರಿಂದ ಹೆಂಚನ್ನು ತೊಲೆ, ಗೋಡೆ, ಕಾಗದಪತ್ರಗಳ ಜತೆಗಿಟ್ಟೇ ಓದಬೇಕು. ಕಾಗದಪತ್ರವೊಂದನ್ನೇ ನಂಬಿದರೂ ದಾರಿ ತಪ್ಪುತ್ತದೆ: ಮುಂಬಯಿ ಪೇಟೆಯ ಹಳೆಯ ಪತ್ರಗಳಲ್ಲಿ ಕಾಣುವ ‘ಕುಮಟಾ ಹತ್ತಿ’ ಕುಮಟಾದಲ್ಲಿ ಬೆಳೆದದ್ದಲ್ಲ, ಧಾರವಾಡ ಸೀಮೆಯಿಂದ ಘಟ್ಟ ಇಳಿದು ನಮ್ಮ ಬಂದರಿನಲ್ಲಿ ಹಡಗು ಹತ್ತಿದ್ದು.

ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳ ಇತಿಹಾಸ ವಿಭಾಗಗಳು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೂ ಜತೆಗೂಡಿಸಿಕೊಂಡು, ಬರುವ ಉಪ್ಪಿನ ಹಂಗಾಮಿನಲ್ಲೇ ಸಾಣಿಕಟ್ಟಾದಿಂದ ಈ ಕೆಲಸ ಆರಂಭಿಸಬೇಕು. ಹಳೆಯ ಗೋದಾಮು, ಕಾರ್ಖಾನೆಗಳನ್ನು ಕೆಡವಲು ಪರವಾನಗಿ ಕೊಡುವ ಮುನ್ನ ಅಳತೆಯ ನಕ್ಷೆ ಮತ್ತು ಚಿತ್ರಗಳನ್ನು ಸ್ಥಳೀಯ ಸಂಸ್ಥೆಗಳು ಕಡ್ಡಾಯವಾಗಿ ಕೇಳಲಿ. ಅವುಗಳ ಒಂದು ಪ್ರತಿ ಕಾರವಾರದ ಜಿಲ್ಲಾ ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆ ಸಿಗುವಂತಾಗಲಿ.

ಇತಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಕುಮಟಾ