ಕೆಟ್ಟಿದ್ದು ಸ್ಯಾಂಪಲ್, ಬೈಗುಳ ರಿಸೆಪ್ಟರಿಗೆ

ಮಾನ್ಯ ಸಂಪಾದಕರೇ,

ದೊಡ್ಡಾಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರಿನ ಹೆಂಗಸೊಬ್ಬರ ಇ.ಆರ್. (ಗೆಡ್ಡೆಯ ಕೋಶದಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಎಂಬ ಪ್ರೋಟೀನು) ರಿಪೋರ್ಟಿನ ರಾಮಾಯಣವನ್ನು ನಿನ್ನೆ ನೀವೇ ಹಾಕಿದ್ದೀರಿ, ಮತ್ತೆ ಹೇಳುವುದಿಲ್ಲ. ಶನಿವಾರ ಆಪರೇಷನ್ ಮಾಡಿ ತೆಗೆದ ಗೆಡ್ಡೆ ನೆಗೆಟಿವ್. ಅದಕ್ಕೆ ಎರಡು ವಾರ ಮೊದಲು ಸೂಜಿಯಲ್ಲಿ ತೆಗೆದ ಬಯಾಪ್ಸಿಯ ಬ್ಲಾಕನ್ನು (ತುಂಡನ್ನು ಹುದುಗಿಸಿಟ್ಟ ಮೇಣದ ಅಚ್ಚು) ಹೊರಗಿನ ಲ್ಯಾಬಿಗೆ ತೋರಿಸಿದರೆ ಪಾಸಿಟಿವ್. ಹೋಗಲಿ, ಲ್ಯಾಬ್ ಎಂದ ಮೇಲೆ ತಪ್ಪು ಆಗುತ್ತದೆ. ಮೈ ಉರಿದದ್ದು ಅಧಿಕಾರಿಗಳ ಸಮಜಾಯಿಷಿ ಓದಿ. ಹಾರ್ಮೋನ್ ರಿಸೆಪ್ಟರಿನ ಚಟುವಟಿಕೆ ಮೈಯಲ್ಲಿ ಏರಿಳಿಯುತ್ತಲೇ ಇರುತ್ತದಂತೆ, ಅದಕ್ಕೇ ರಿಪೋರ್ಟ್ ಬದಲಾಯಿತಂತೆ. ಭಲೆ! ಇನ್ನು ರಿಸೆಪ್ಟರಿಗೆ ಕಾರಣ ಕೇಳಿ ನೋಟಿಸ್ ಕೊಡುವುದೊಂದು ಬಾಕಿ.

ಏರಿಳಿಯುವುದು ಸುಳ್ಳಲ್ಲ. ಈಸ್ಟ್ರೋಜನ್ ಬಂದು ಕೂತಾಗ ಈ ಪ್ರೋಟೀನಿನ ಹನ್ನೆರಡನೇ ಸುರುಳಿ ಮುಚ್ಚಳದಂತೆ ಮಡಚಿಕೊಳ್ಳುತ್ತದೆ. ರಿಸೆಪ್ಟರುಗಳು ಎರಡೆರಡು ಜೋಡಿಯಾಗಿ ಡಿಎನ್‌ಎ ಮೇಲೆ ಕೂರುತ್ತವೆ, ಮುಚ್ಚಳದ ಪಕ್ಕದ ಸಂದಿಗೆ ಕೋಆಕ್ಟಿವೇಟರ್ ಎಂಬ ಜೊತೆಗಾರ ಪ್ರೋಟೀನುಗಳು ಬಂದು ಸೇರಿದರೆ ಕೋಶ ಬೆಳೆಸುವ ಜೀನುಗಳು ಶುರು. ಟ್ಯಾಮಾಕ್ಸಿಫೆನ್ ಮಾತ್ರೆ ಈಸ್ಟ್ರೋಜನ್ನಿನ ಜಾಗದಲ್ಲೇ ಕೂತು ಆ ಮುಚ್ಚಳವನ್ನು ಓರೆ ಮಾಡಿ ಸಂದಿಗೇ ಅಡ್ಡ ಇಡುತ್ತದೆ. ಮುಟ್ಟು ನಿಂತವರಿಗೆ ಕೊಡುವ ಲೆಟ್ರೊಜೋಲ್ ಈಸ್ಟ್ರೋಜನ್ ತಯಾರಿಯನ್ನೇ ತಡೆಯುತ್ತದೆ, ಫುಲ್ವೆಸ್ಟ್ರಾಂಟ್ ರಿಸೆಪ್ಟರನ್ನೇ ಕರಗಿಸುತ್ತದೆ. ಕೋಶಕ್ಕೆ ಬೆಳೆ ಎನ್ನುವ ಹರ್-2 ಎಂಬ ಇನ್ನೊಂದು ಪ್ರೋಟೀನು ಜೋರಾಗಿದ್ದರೆ ರಿಸೆಪ್ಟರ್ ಸರಪಳಿಯ 118ನೇ ಕೊಂಡಿಯಾದ ಸೆರೀನ್ ಮೇಲೆ ಫಾಸ್ಫೇಟ್ ಅಂಟಿ, ಈಸ್ಟ್ರೋಜನ್ ಇಲ್ಲದೆಯೂ ರಿಸೆಪ್ಟರ್ ಎದ್ದು ಕೂರಬಹುದು. ಹರಡಿದ ಕ್ಯಾನ್ಸರಿಗೆ ಬಹುಕಾಲ ಲೆಟ್ರೊಜೋಲ್ ತಗೊಂಡ ಕೆಲವರಲ್ಲಿ ಅದೇ ಸರಪಳಿಯ 537 ಅಥವಾ 538ನೇ ಕೊಂಡಿ ಮಾರ್ಪಟ್ಟು ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಚಟುವಟಿಕೆ ಅಂದರೆ ಇದು. ಸ್ಲೈಡಿನ ಮೇಲೆ ಕಂದು ಬಣ್ಣ ಬರಿಸಿ ನೋಡುವುದು ಇದನ್ನಲ್ಲ ಸ್ವಾಮಿ, ಪ್ರೋಟೀನು ಇದೆಯೋ ಇಲ್ಲವೋ ಎನ್ನುವುದನ್ನು. ಒಂದು ಮಾತ್ರೆಯನ್ನೂ ನುಂಗದ ಹೆಂಗಸಿನ ಗೆಡ್ಡೆಯಿಂದ ಅದು ಎರಡು ವಾರದಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೋಗುವುದಿಲ್ಲ.

ಇನ್ನೂ ತಮಾಷೆ ನೋಡಿ. ನೀವು ಅಚ್ಚು ಹಾಕಿದ ಅದೇ ರಿಪೋರ್ಟಿನಲ್ಲಿ ಇ.ಆರ್. ಸೊನ್ನೆ, ಪಿ.ಆರ್. (ಪ್ರೊಜೆಸ್ಟರಾನ್ ಹಾರ್ಮೋನಿನ ರಿಸೆಪ್ಟರ್) ಪಾಸಿಟಿವ್. ಪಿ.ಆರ್. ತಯಾರಾಗುವುದೇ ಇ.ಆರ್. ಹುಕುಮಿನಲ್ಲಿ. ಅಡುಗೆಯವ ರಜೆ, ಊಟ ತಯಾರು ಎಂದ ಹಾಗಾಯಿತು. ಇಂಥ ಜೋಡಿ ಕಂಡರೆ ಇನ್ನೊಂದು ಬ್ಲಾಕಿನಲ್ಲಿ ಮತ್ತೆ ಮಾಡಿಸಬೇಕು. ಗೆಡ್ಡೆಯ ಪಕ್ಕದ ಸಹಜ ಹಾಲಿನ ನಾಳಗಳನ್ನೂ ನೋಡಬೇಕು, ಅಲ್ಲಿ ಅಲ್ಲೊಂದು ಇಲ್ಲೊಂದು ಕೋಶವಾದರೂ ಕಂದಾಗಿರಬೇಕು. ಅಲ್ಲೂ ಬಣ್ಣ ಇಲ್ಲವೆಂದರೆ ಆ ಸ್ಲೈಡು ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ. ಇದನ್ನೆಲ್ಲ ನೋಡದೆ ಸಹಿ ಬಿದ್ದಿದೆ.

ಕೆಟ್ಟದ್ದು ಎಲ್ಲಿ ಎಂದು ಹುಡುಕಲು ಸಮಿತಿ ಬೇಡ, ನಿಮ್ಮ ಫೋಟೊದಲ್ಲಿರುವ ಬಕೆಟ್ ಸಾಕು. ಇಡೀ ಸ್ತನವನ್ನು ಕೊಯ್ಯದೆ ಹಾಗೇ ಹಾಕಿದ್ದಾರೆ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ಅರ್ಧಕ್ಕೂ ಬಂದಿಲ್ಲ, ಶನಿವಾರದಿಂದ ಸೋಮವಾರದವರೆಗೆ ಮೂಲೆಯಲ್ಲಿ. ಫಾರ್ಮಲಿನ್ ಗಂಟೆಗೆ ಸುಮಾರು 1 ಮಿ.ಮೀ. ಒಳಗಿಳಿಯುತ್ತದೆ, ಕೊಬ್ಬಿನಲ್ಲಿ ಅದಕ್ಕಿಂತ ನಿಧಾನ. ಅಂಚು ಗಟ್ಟಿಯಾಗುವಷ್ಟರಲ್ಲಿ ನಡುವಿನ ಗೆಡ್ಡೆ ಕೊಳೆಯತೊಡಗಿರುತ್ತದೆ. ಹೊರಬಂದ 1 ಗಂಟೆಯೊಳಗೆ 5 ಮಿ.ಮೀ.ಗೊಂದು ಸೀಳು ಹಾಕಿ, ಸೀಳಿನ ನಡುವೆ ಗಾಜ್ ಬಟ್ಟೆ ತುರುಕಿ, ಅಂಗಾಂಶದ ಹತ್ತು ಪಟ್ಟಾದರೂ ಫಾರ್ಮಲಿನ್ ಸುರಿದು 6ರಿಂದ 72 ಗಂಟೆ ಬಿಡಬೇಕು. ಫಾರ್ಮಲಿನ್ ಎಂದರೆ ಕ್ಯಾನಿನಿಂದ ಬಗ್ಗಿಸಿ ನಲ್ಲಿ ನೀರು ಬೆರೆಸಿದ್ದಲ್ಲ: 100 ಮಿ.ಲೀ. ಗಟ್ಟಿ ಫಾರ್ಮಲಿನ್, 900 ಮಿ.ಲೀ. ಡಿಸ್ಟಿಲ್ಡ್ ವಾಟರ್, 4 ಗ್ರಾಂ ಮಾನೊಸೋಡಿಯಂ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಫಾಸ್ಫೇಟ್. ಈ ಉಪ್ಪುಗಳಿಲ್ಲದಿದ್ದರೆ ದ್ರಾವಣ ಹುಳಿಯಾಗುತ್ತದೆ, ಸ್ಲೈಡಿನ ತುಂಬ ಕಪ್ಪು ಚುಕ್ಕೆ. ಬಯಾಪ್ಸಿ ತುಂಡು ಏಕೆ ಉಳಿಯಿತು? ಊದಿನಕಡ್ಡಿ ದಪ್ಪ, ತೆಗೆದ ಕೂಡಲೇ ಬಾಟಲಿಗೆ ಬಿತ್ತು. ಅಷ್ಟೇ ಪವಾಡ. ಫಾರಂನಲ್ಲಿ ತೆಗೆದ ಸಮಯ, ಫಾರ್ಮಲಿನ್ನಿಗೆ ಹಾಕಿದ ಸಮಯ ಎಂದು ಎರಡು ಕಾಲಂ ಇವೆ. ಎರಡೂ ಖಾಲಿ. ಯಾವತ್ತು ತುಂಬಿದ್ದರು?

ನೂರರಲ್ಲಿ ಒಂದು ಕೋಶ ಕಂದಾದರೂ ಪಾಸಿಟಿವ್ ಎನ್ನುವುದು 2010ರಿಂದ ಇರುವ ನಿಯಮ; 1ರಿಂದ 10ರವರೆಗೆ ಇದ್ದರೆ ಅಲ್ಪ ಪಾಸಿಟಿವ್ ಎಂದು ಬರೆಯಿರಿ ಎಂದು 2020ರಲ್ಲಿ ಸೇರಿಸಿದರು. ಸುಳ್ಳು ನೆಗೆಟಿವ್ ಎಂದರೆ ದಿನಕ್ಕೆ 20 ಮಿ.ಗ್ರಾಂನ ಅಗ್ಗದ ಒಂದು ಟ್ಯಾಮಾಕ್ಸಿಫೆನ್ ಮಾತ್ರೆ, ಐದು ವರ್ಷದ್ದು, ತಪ್ಪಿಹೋಯಿತು ಎಂದೇ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1997ರಿಂದ 2005ರವರೆಗೆ ಇದೇ ಪರೀಕ್ಷೆ ಹೀಗೇ ಎಡವಿ, ಸುಮಾರು 400 ಜನರ ಫಲಿತಾಂಶ ತಪ್ಪಾಗಿತ್ತು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ವಿಚಾರಣೆ ನಡೆಸಿ 2009ರಲ್ಲಿ ವರದಿ ಕೊಟ್ಟರು. ಅಲ್ಲಿ ಯಾರೂ ರಿಸೆಪ್ಟರನ್ನು ಕಟಕಟೆ ಹತ್ತಿಸಲಿಲ್ಲ. ನಮ್ಮಲ್ಲಿ ಮೂರು ಜನರ ಸಮಿತಿಯಾಗಿದೆ, ಲ್ಯಾಬ್ ಗೊತ್ತಿದ್ದವರು ಒಬ್ಬರೂ ಇಲ್ಲ.

ಇನ್ನು ಆ ಬ್ಲಾಕು ಬಿಡಿಸಿಕೊಂಡ ಕಥೆ. ಬೆಂಕಿಪೊಟ್ಟಣದಷ್ಟೂ ಇಲ್ಲದ ಮೇಣದ ತುಂಡಿಗೆ ಅರ್ಜಿ, ಆಧಾರ್ ಜೆರಾಕ್ಸ್, ಎರಡು ಸೀಲು, ನಾಲ್ಕು ಕೌಂಟರು. ಸಾಹೇಬರು ಮೀಟಿಂಗಿನಲ್ಲಿ, ನಾಳೆ ಬನ್ನಿ. ಇತ್ತ ನಿಮ್ಮ ಪೇಪರು ಬಂದ ಬೆಳಿಗ್ಗೆಯಿಂದ ಊರಿನ ಲ್ಯಾಬುಗಳ ಫೋನು ಕೆಳಗಿಡುವ ಹಾಗಿಲ್ಲ. ವರ್ಷಗಳಿಂದ ಟ್ಯಾಮಾಕ್ಸಿಫೆನ್ ನುಂಗುತ್ತಿರುವವರು ನಮ್ಮ ರಿಸೆಪ್ಟರೂ ಈಗ ಇಳಿದಿರಬಹುದಾ, ಮಾತ್ರೆ ಬಿಡೋಣವಾ ಎನ್ನುತ್ತಿದ್ದಾರೆ. ದಯವಿಟ್ಟು ಬಿಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ಹೇಳಿಕೆ ಕೊಟ್ಟವರಿಗೆ ಈ ಫೋನುಗಳನ್ನು ತಿರುಗಿಸುವ ವ್ಯವಸ್ಥೆ ಇದ್ದರೆ ತಿಳಿಸಿ.

ಮಾತು ಬಂತೆಂದು ಹೇಳುತ್ತೇನೆ, ಸ್ಲೈಡಿನಲ್ಲಿ ರಿಸೆಪ್ಟರನ್ನು ಹುಡುಕಿ ಅಂಟುವ ಆ್ಯಂಟಿಬಾಡಿ 2ರಿಂದ 8 ಡಿಗ್ರಿಯಲ್ಲಿರಬೇಕು. ಅಲ್ಲಿನ ಫ್ರಿಜ್ಜಿನಲ್ಲಿ ಆ್ಯಂಟಿಬಾಡಿ ಪಕ್ಕ ಮೊಸರಿನ ಡಬ್ಬಿ, ಕರೆಂಟು ಹೋದರೆ ಎರಡಕ್ಕೂ ಒಂದೇ ಗತಿ. ಜನರೇಟರ್ ಇಲ್ಲವೇ ಎಂದರೆ ಇದೆ: ಓ.ಟಿ.ಗೆ, ಮತ್ತೆ ಸಾಹೇಬರ ಎ.ಸಿ.ಗೆ. ಲಿಫ್ಟು ಕೆಟ್ಟಿದ್ದರ ಬಗ್ಗೆ ಇದೇ ಅಂಕಣದಲ್ಲಿ ಎರಡು ಸಲ ಪತ್ರ ಬಂತು. ಗೇಟಿನ ಮುಂದೆ ಪೈಪಿಗೆಂದು ಅಗೆದ ಗುಂಡಿಗೆ ಈಗ ವಾರ್ಷಿಕೋತ್ಸವ.

ಸಂಬಂಧಪಟ್ಟವರು ಕೂಡಲೇ ಆ ಹೇಳಿಕೆ ವಾಪಸ್ ತಗೊಳ್ಳಬೇಕು, ಇಲ್ಲವೇ ವಾರಾಂತ್ಯದಲ್ಲಿ ರಿಸೆಪ್ಟರ್ ಎಲ್ಲಿಗೆ ಹೋಗಿತ್ತು ಎಂದು ಟಿ.ಎ. ಬಿಲ್ ಸಮೇತ ತೋರಿಸಬೇಕು. ಹಳೇ ನೆಗೆಟಿವ್‌ಗಳನ್ನೂ ಮತ್ತೆ ನೋಡಲಿ, ಜನರೇಟರಿನ ವೈರು ಲ್ಯಾಬಿನವರೆಗೂ ಎಳೆಯಲಿ, ಗುಂಡಿಯನ್ನೂ ಮುಚ್ಚಲಿ. ಏನೂ ಆಗದಿದ್ದರೆ ಇನ್ನೊಂದು ದೊಡ್ಡ ಬಕೆಟನ್ನಾದರೂ ಕೊಡಿಸಿ ಮಾರಾಯರೇ.

– ಲ್ಯಾಬ್ ಟೆಕ್ನಿಷಿಯನ್ (ಹೆಸರು ಹಾಕಬೇಡಿ)