ಶನಿವಾರದ ಗಲ್ಲಾ, ಶೇ 75ರ ಹಾಜರಿ

ಮಾನ್ಯ ಸಂಪಾದಕರಿಗೆ,

ಡೊಂಬಿವಲಿ, ಠಾಣೆಯಿಂದ ಹಿಡಿದು ಮಾಟುಂಗ, ದಾದರ್‌ವರೆಗೆ ನಮ್ಮವರು ನಡೆಸುವ ಸೀರೆ ಅಂಗಡಿ, ಬ್ಲೌಸ್ ಹೊಲಿಗೆ ಅಂಗಡಿ, ಬುಟೀಕ್‌ಗಳಲ್ಲಿ ಸಂಜೆಯಾದರೆ ಗಲ್ಲಾದಲ್ಲಿ ಕೂರುವುದು ಕಾಲೇಜಿಗೆ ಹೋಗುವ ಮಗಳೋ ಮಗನೋ. ದುಡಿಯುತ್ತ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಪೀಳಿಗೆಯೇ ಇಲ್ಲಿತ್ತು. ಆದರೆ ರಾತ್ರಿ ಶಾಲೆಯ ವೇಳಾಪಟ್ಟಿ ದುಡಿಯುವವರಿಗೆಂದೇ ಮಾಡಿದ್ದು. ಇಂದಿನ ಪದವಿ ಕಾಲೇಜಿನದು ಹಾಗಿಲ್ಲ. ಆದ್ದರಿಂದ ಮಕ್ಕಳಿಗೆ ಅಂಗಡಿಯಲ್ಲಿ ಎಂಥ ಕೆಲಸ ಕೊಡುತ್ತೇವೆ ಎಂದು ಹೆತ್ತವರು ಮೊದಲು ಯೋಚಿಸಬೇಕು. ಗಿರಾಕಿ ಬಂದ ಗಳಿಗೆಯಲ್ಲೇ ಮಾಡಬೇಕಾದ ಕೆಲಸ ಅವರಿಗೆ ಬೇಡ. ಬೆಳಿಗ್ಗೆ ಆರಕ್ಕಾದರೂ ರಾತ್ರಿ ಒಂಬತ್ತಕ್ಕಾದರೂ ಮಾಡಬಹುದಾದ ಕೆಲಸ ಕೊಡಿ.

ಹಾಜರಿಯ ಲೆಕ್ಕವನ್ನೇ ನೋಡಿ. ಮುಂಬಯಿ ವಿಶ್ವವಿದ್ಯಾಲಯದ ನಿಯಮದಂತೆ ಎಲ್ಲ ವಿಷಯಗಳ ಸರಾಸರಿಯಲ್ಲಿ ಶೇ 75, ಒಂದೊಂದು ವಿಷಯದಲ್ಲಿ ಕನಿಷ್ಠ ಶೇ 50 ಹಾಜರಿ ಬೇಕು. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ಪಾಠ, ಸೆಮಿಸ್ಟರಿಗೆ 15 ವಾರ ಎಂದರೆ ಒಟ್ಟು 60 ಪಾಠ. ಅದರಲ್ಲಿ ಒಂದು ಪಾಠ ಶನಿವಾರ ಇದ್ದು, 'ಶನಿವಾರ ಗಿರಾಕಿ ಜಾಸ್ತಿ' ಎಂದು ಪ್ರತಿ ವಾರ ಅಂಗಡಿಯಲ್ಲಿ ನಿಲ್ಲಿಸಿಕೊಂಡರೆ 15 ಪಾಠ ಹೋಯಿತು. ಉಳಿದದ್ದು ಸರಿಯಾಗಿ 45, ಅಂದರೆ ಶೇ 75. ಒಂದು ದಿನ ಜ್ವರ ಬಂದರೆ, ಒಂದು ದಿನ ಲೋಕಲ್ ನಿಂತರೆ ಆ ವಿಷಯದ ಹಾಜರಿ ಶೇ 75ಕ್ಕಿಂತ ಕೆಳಗಿಳಿದು ಸರಾಸರಿಯನ್ನೂ ಎಳೆಯುತ್ತದೆ. ಶನಿವಾರ ಎರಡು ಪಾಠ ಇರುವ ವಿಷಯದಲ್ಲಂತೂ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಸೆಮಿಸ್ಟರಿನ ಮೊದಲ ವಾರವೇ ಕಾಲೇಜಿನ ವೇಳಾಪಟ್ಟಿಯನ್ನು ಅಂಗಡಿಯ ಗೋಡೆಗೆ ಅಂಟಿಸಬೇಕು. ನಾವು ಬಟ್ಟೆ ಕೊಳ್ಳುವ ಮಂಗಳದಾಸ್ ಮಾರ್ಕೆಟ್‌ಗೆ ಭಾನುವಾರ ರಜೆ. ಬಟ್ಟೆ ಖರೀದಿಗೆ ಮಕ್ಕಳು ಜೊತೆಗೆ ಬರಲೇಬೇಕೆಂದಿದ್ದರೆ, ಬೆಳಗಿನ ತರಗತಿ ಮುಗಿಯುವ ಒಂದು ವಾರದ ದಿನದ ಮಧ್ಯಾಹ್ನವನ್ನು ಅದಕ್ಕೆ ಗೊತ್ತುಮಾಡಿ.

ಅವರಿಗೆ ಕೊಡಬಹುದಾದ ಕೆಲಸಗಳಲ್ಲಿ ಮೊದಲನೆಯದು ದರ ಕಟ್ಟುವುದು. ಒಂದು ಕುರ್ತಾಕ್ಕೆ 44 ಇಂಚು ಪನ್ನದ (ಅಗಲದ) ಬಟ್ಟೆ ಎರಡೂವರೆ ಮೀಟರ್, ಮೀಟರಿಗೆ 180 ರೂಪಾಯಿಯಂತೆ 450. ಹೊಲಿಗೆ 250. ಅನೇಕ ಮನೆಗಳಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ: 700ರ ಮಾಲು, 1,200ಕ್ಕೆ ಮಾರಿದರೆ 500 ಲಾಭ ಎಂದು. ಅಸ್ತರ್ (ಒಳಬಟ್ಟೆ) 120, ಲೇಸು ಗುಂಡಿ 40, ಓವರ್‌ಲಾಕ್ ಇಸ್ತ್ರಿ 20 ಸೇರಿಸಿದರೆ ಅಸಲು 880. ಕೈಗೆ ಬಂದದ್ದು 320, ಅದೂ ಬಾಡಿಗೆ, ಕರೆಂಟು, ತೆರಿಗೆ ತೆಗೆಯುವ ಮೊದಲು. ವಾಣಿಜ್ಯ ಓದುವ ಮಕ್ಕಳಿಗೆ ಇದು ತರಗತಿಯ ಪಾಠವೇ. ತಿಂಗಳಿಗೊಮ್ಮೆ ಪ್ರತಿ ನಮೂನೆಗೂ ಇಂಥ ಒಂದು ಚೀಟಿ ಬರೆಸಿ.

ಎರಡನೆಯದು ಬಿಲ್ಲು. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಲೆಹೆಂಗಾಕ್ಕೆ ದರದ ಚೀಟಿ ಹಚ್ಚುವಾಗ ಇದು ನೆನಪಿರಬೇಕು. ತಿಂಗಳ ಲೆಕ್ಕ ಕೊಡುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಸಲ್ಲಿಸಲು ಮುಂದಿನ ತಿಂಗಳ 11ನೇ ತಾರೀಖು, 3ಬಿಗೆ (ತೆರಿಗೆ ಕಟ್ಟುವ ಲೆಕ್ಕ) 20 ಕೊನೆ. ಬಿಲ್ಲುಗಳನ್ನು ದಿನಾ ರಾತ್ರಿ ಹತ್ತು ನಿಮಿಷ ಕೂತು ಏರಿಸಿದರೆ 10ನೇ ತಾರೀಖಿನ ರಾತ್ರಿ ಪುಸ್ತಕ ಮುಚ್ಚಿಟ್ಟು ಕೂರುವ ಪ್ರಮೇಯ ಬರುವುದಿಲ್ಲ. ಇನ್ನೊಂದು ಮಾತು: ಗಲ್ಲಾದ ಮೇಲೆ ಮಕ್ಕಳ ಸ್ವಂತ ಖಾತೆಯ ಕ್ಯೂಆರ್ ಕೋಡ್ ಇಡಬೇಡಿ. ಅಂಗಡಿಯ ವಸೂಲಿ, ಕಾಲೇಜು ಶುಲ್ಕ, ಗೆಳೆಯರ ತಿಂಡಿಯ ದುಡ್ಡು ಎಲ್ಲ ಒಂದರಲ್ಲೇ ಬೆರೆತರೆ ವರ್ಷದ ಕೊನೆಗೆ ಯಾರಿಗೂ ಬಿಡಿಸಲಾಗದು.

ಹೊಲಿಗೆಯಲ್ಲಿ ಆಗುವ ಒಂದು ಸಣ್ಣ ತಪ್ಪು ಕೂಡ ಓದಿನ ಹೊತ್ತನ್ನು ನುಂಗುತ್ತದೆ. ಹತ್ತಿಯ ಅಸ್ತರ್ ಬಟ್ಟೆಯನ್ನು ನೆನೆಹಾಕದೆ ರೇಷ್ಮೆ ಬ್ಲೌಸಿಗೆ ಕೊಟ್ಟರೆ ಮೊದಲ ಸಲ ನೀರು ಕಂಡಾಗ ಅಸ್ತರ್ ಕುಗ್ಗುತ್ತದೆ, ಮೇಲಿನ ಬಟ್ಟೆ ಅಷ್ಟು ಕುಗ್ಗುವುದಿಲ್ಲ. ಕಂಕುಳ ಸುತ್ತ, ಡಾರ್ಟಿನ (ಆಕಾರಕ್ಕಾಗಿ ಹಿಡಿದ ಮಡಿಕೆಯ) ಹತ್ತಿರ ನೆರಿಗೆ ಏಳುತ್ತದೆ. ಗಿರಾಕಿ ಸಿಟ್ಟಿನಲ್ಲಿ ವಾಪಸು ತರುತ್ತಾರೆ, ಪೂರ್ತಿ ಬಿಚ್ಚಿ ಹೊಲಿಯಬೇಕು. ಅಸ್ತರನ್ನು ರಾತ್ರಿ ನೀರಿಗೆ ಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಗೆ ಕೊಡಬೇಕು. ಕಾಲೇಜಿಗೆ ಹೊರಡುವ ಮುನ್ನ ಐದು ನಿಮಿಷದಲ್ಲಿ ಮಗಳು ಹಗ್ಗಕ್ಕೆ ಹಾಕಿ ಹೋಗಬಹುದು. ಬದಿಯ ಹೊಲಿಗೆಯಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಟ್ಟಿದ್ದರೆ ಆಲ್ಟರೇಶನ್ ಹತ್ತು ನಿಮಿಷದ ಕೆಲಸ.

ಆರ್ಡರ್ ಒಪ್ಪಿಕೊಳ್ಳುವುದಕ್ಕೂ ಮಿತಿ ಬೇಕು. ಅಸ್ತರ್ ಇರುವ ಬ್ಲೌಸನ್ನು ಒಬ್ಬ ಕಾರಿಗರ್ ದಿನಕ್ಕೆ ನಾಲ್ಕರಂತೆ ಮುಗಿಸಿದರೆ, ಇಬ್ಬರಿಂದ ಆರು ದಿನಕ್ಕೆ 48. ಐದರಲ್ಲೊಂದು ಪಾಲು ಆಲ್ಟರೇಶನ್‌ಗೂ ಕರೆಂಟು ಹೋಗುವುದಕ್ಕೂ ಮೀಸಲಿಟ್ಟು 38ಕ್ಕೆ ನಿಲ್ಲಿಸಬೇಕು. ಹೆಚ್ಚು ಒಪ್ಪಿಕೊಂಡ ಹತ್ತು ಬ್ಲೌಸುಗಳ ಹುಕ್ಕು, ಕೈಹೊಲಿಗೆ ರಾತ್ರಿ ಮನೆಯ ಮಕ್ಕಳ ಮಡಿಲಿಗೇ ಬೀಳುತ್ತದೆ. ಹೆಚ್ಚಾಗಿ ಹೆಣ್ಣುಮಕ್ಕಳ ಮಡಿಲಿಗೆ. ಇದನ್ನು ಬರೆಯಲು ನೋವಾಗುತ್ತದೆ, ಆದರೆ ಸತ್ಯ.

ಕಾಲೇಜಿನ ಬದುಕನ್ನು ಮಾತ್ರ ದಯವಿಟ್ಟು ಕಸಿಯಬೇಡಿ. ಆಗಸ್ಟಿನಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಮಲ್ಹಾರ್, ಡಿಸೆಂಬರಿನಲ್ಲಿ ಐಐಟಿಯ ಮೂಡ್ ಇಂಡಿಗೋ ಎಂದು ಈ ಊರಿನಲ್ಲಿ ಫೆಸ್ಟುಗಳಿಗೆ ಕೊರತೆಯಿಲ್ಲ. ವರ್ಷಕ್ಕೆ ಒಂದು ಫೆಸ್ಟು, ಒಂದು ಸಮಿತಿ ಎಂದು ಅವರೇ ಆರಿಸಿಕೊಳ್ಳಲಿ. 'ನಿಮ್ಮದೇ ಅಂಗಡಿ ಇದೆಯಲ್ಲ' ಎಂದು ಗೆಳೆಯರು ನೃತ್ಯದ ಉಡುಪು ಹೊಲಿಸಲು ಬಂದರೆ ಅರ್ಧ ಹಣ ಮುಂಗಡ, ಅಳತೆ ಅಂಗಡಿಯಲ್ಲೇ. ಹನ್ನೆರಡು ಮಂದಿಗೆ ಎರಡೂವರೆ ಮೀಟರಿನಂತೆ 30 ಮೀಟರ್ ಬೇಕಾದರೆ 33 ಮೀಟರ್ ಒಂದೇ ಲಾಟಿನಿಂದ ಒಂದೇ ದಿನ ತನ್ನಿ. ಸಾಲದೆ ಬಂದಾಗ ಮತ್ತೆ ತಂದ ಥಾನಿನ ಬಣ್ಣ ಸ್ವಲ್ಪ ಬೇರೆ ಇದ್ದರೂ ವೇದಿಕೆಯ ದೀಪದ ಕೆಳಗೆ ಎದ್ದು ಕಾಣುತ್ತದೆ.

ನಿಜವಾದ ಇಕ್ಕಟ್ಟು ಗಣಪತಿಯಿಂದ ದೀಪಾವಳಿವರೆಗೆ. ಆಂತರಿಕ ಪರೀಕ್ಷೆ, ಪ್ರಾಜೆಕ್ಟು, ಸೆಮಿಸ್ಟರ್ ಪರೀಕ್ಷೆ, ಎಲ್ಲವೂ ಇದೇ ತಿಂಗಳುಗಳಲ್ಲಿ. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಮೂರು ವಾರದ ಮಟ್ಟಿಗೆ ಒಬ್ಬ ಅರೆಕಾಲಿಕ ಸಹಾಯಕರನ್ನು ಗಲ್ಲಾಕ್ಕೆ ಗೊತ್ತುಮಾಡಿ. ಆ ಸಂಬಳ ದೊಡ್ಡದೆನಿಸಬಹುದು. ಆದರೆ ಎಟಿಕೆಟಿ (ಫೇಲಾದ ವಿಷಯವನ್ನು ಬಾಕಿ ಇಟ್ಟುಕೊಂಡು ಮುಂದೆ ಹೋಗುವುದು) ಉಳಿದರೆ ಅದೇ ವಿಷಯಕ್ಕೆ ಮುಂದಿನ ಸೆಮಿಸ್ಟರಿನ ಓದಿನ ಜೊತೆಗೇ ಮತ್ತೆ ಕೂರಬೇಕಾಗುತ್ತದೆ.

ಕಾಲೇಜುಗಳಲ್ಲೂ ಒಂದು ವಿನಂತಿ. ಹೊಸ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಕೆಲಸದ ತರಬೇತಿಗೆ ಕ್ರೆಡಿಟ್ ಇದೆ. ಕ್ರೆಡಿಟ್ಟಿಗೆ 30 ಗಂಟೆಯಂತೆ ನಾಲ್ಕು ಕ್ರೆಡಿಟ್ಟಿಗೆ 120 ಗಂಟೆ. ಮನೆಯ ಅಂಗಡಿಯಲ್ಲಿ ದುಡಿಯುವ ವಿದ್ಯಾರ್ಥಿ ದಿನಾಂಕ, ಗಂಟೆ, ಮಾಡಿದ ಕೆಲಸ, ಕಲಿತದ್ದು ಎಂದು ನಾಲ್ಕು ಕಾಲಂಗಳ ದಿನಚರಿ ಇಟ್ಟರೆ, ದರದ ಚೀಟಿ ಮತ್ತು ಸ್ಟಾಕ್ ಪಟ್ಟಿ ಜೊತೆಗೆ ಲಗತ್ತಿಸಿದರೆ ಅದನ್ನು ತರಬೇತಿಯೆಂದು ಒಪ್ಪಿಕೊಳ್ಳಿ. ಅಪ್ಪ ಅಮ್ಮನ ಸಹಿ ಸಾಲದು ಎನ್ನುವುದು ನ್ಯಾಯವೇ. ಒಬ್ಬ ಉಪನ್ಯಾಸಕರು ಎರಡು ಸಲ ಅಂಗಡಿಗೆ ಬಂದು ದಿನಚರಿ ನೋಡಿ ಹೋಗಲಿ. ವಿದ್ಯಾರ್ಥಿಗಳು ಕೆಲಸ ಶುರುಮಾಡುವ ಮೊದಲೇ ಕಾಲೇಜಿನಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಲಿ.

— ಇಬ್ಬರು ಉಡುಪು ವ್ಯಾಪಾರಿಗಳು ಮತ್ತು ಒಬ್ಬ ವಾಣಿಜ್ಯ ಉಪನ್ಯಾಸಕಿ, ಡೊಂಬಿವಲಿ ಪೂರ್ವ