ಸತ್ತ ಮೇಲೆ ದೇಹಕ್ಕೇನು ಕೆಲಸ?

ಕಳೆದ ತಿಂಗಳು ನಮ್ಮ ಸಂಘದ ಹಿರಿಯರೊಬ್ಬರು ತೀರಿಕೊಂಡರು. ಕಾರವಾರದ ಕಡೆಯವರು, ಕ್ಯಾಥೊಲಿಕರು. ದಹನ ಇಲ್ಲೇ, ಆಸ್ಟ್ರೇಲಿಯಾದಲ್ಲೇ ಆಯಿತು. ಬೂದಿಯನ್ನು ಊರಿಗೆ ಒಯ್ದು ಚರ್ಚಿನ ಸ್ಮಶಾನದಲ್ಲಿ ಹೂಳುತ್ತೇವೆ ಎಂದು ಮಕ್ಕಳು ಹೇಳಿದರು. ಮಾತಾಡಿಸಿ ಬರಲು ಹೋಗಿದ್ದ ನಮ್ಮಲ್ಲಿ ಕುಮಟಾದವರೊಬ್ಬರು ಒಳ್ಳೆ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು. "ಅಷ್ಟು ದೂರ ಒಯ್ಯೋದೇ ಹೌದು ಅಂದ್ರೆ ಕೋಡಿಬಾಗದಲ್ಲಿ ಕಾಳಿ ಸಮುದ್ರ ಸೇರುವಲ್ಲಿ ಬಿಡಿ. ಅವರಿಗೆ ಆ ಜಾಗ ಅಂದ್ರೆ ಜೀವ." ಮಗಳು ಮೆಲ್ಲಗೆ, "ನಮ್ಮಲ್ಲಿ ಹಾಗೆ ಬಿಡೋ ಹಾಗಿಲ್ಲ ಅಂಕಲ್" ಎಂದಳು. ವಾಪಸ್ ಬರುವಾಗ ಕಾರಿನಲ್ಲಿ ಅವರದು ಒಂದೇ ಮಾತು: "ಎಂತ ಮಾರಾಯ್ರೆ, ಆತ್ಮ ಹೋದ ಮೇಲೆ ಬೂದಿಗೂ ರೂಲ್ಸಾ?"

ರೂಲ್ಸ್ ಇದೆ. ಆ ರೂಲ್ಸಿನ ಹಿಂದೆ ಸುಮಾರು ಎರಡು ಸಾವಿರ ವರ್ಷದ ಒಂದು ವಾದವೂ ಇದೆ. ಈಸ್ಟರ್ ಸಂಚಿಕೆಯಲ್ಲಿ ಅದನ್ನೇ ಬರೆಯೋಣ ಅನಿಸಿತು. ಆಸ್ಟ್ರೇಲಿಯಾದಲ್ಲಿ ಈಸ್ಟರ್ ಅಂದರೆ ನಮಗೆಲ್ಲ ಶುಕ್ರವಾರದಿಂದ ಸೋಮವಾರದವರೆಗೆ ರಜೆ, ಅಂಗಡಿ ತುಂಬ ಚಾಕೊಲೇಟ್ ಮೊಟ್ಟೆ, ಸಂಘದ ಪಿಕ್‌ನಿಕ್. ಹಬ್ಬ ಯಾತಕ್ಕೆ ಅಂತ ಕೇಳಿದರೆ "ಏಸು ಮತ್ತೆ ಬದುಕಿದ ದಿನ" ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು.

ಹಿಂದೂ ಮನೆಗಳಲ್ಲಿ ಬೆಳೆದ ನಮಗೆ ಈ ಮಾತು ಕಷ್ಟ ಅನಿಸುವುದೇ ಇಲ್ಲ. ಆತ್ಮಕ್ಕೆ ಸಾವಿಲ್ಲ, ದೇಹ ಬರೀ ಹಳೇ ಬಟ್ಟೆ ಎಂಬ ಗೀತೆಯ ಮಾತು ಬಾಯಿಪಾಠ. ಹಾಗಾಗಿ ಏಸುವಿನ ಆತ್ಮವೂ ಅಮರ ಅಂತ ಹೇಳುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿ ಮುಂದೆ ಹೋಗುತ್ತೇವೆ. ಆದರೆ ಕ್ರೈಸ್ತರು ಹೇಳುತ್ತಿರುವುದು ಅದಲ್ಲ. ಭಾನುವಾರದ ಪೂಜೆಯಲ್ಲಿ ಅವರು ಒಪ್ಪಿಸುವ ವಿಶ್ವಾಸ ಪ್ರಮಾಣದಲ್ಲಿ "ಶರೀರದ ಪುನರುತ್ಥಾನ" ಎಂದೇ ಇದೆ. ನಮ್ಮ ಕಿವಿಗೆ ಅದು ಸ್ವಲ್ಪ ವಿಚಿತ್ರವೇ. ಬಿಟ್ಟುಹೋಗಬೇಕಾದದ್ದು ಶರೀರ, ಅದೇ ಯಾಕೆ ಮತ್ತೆ ಎದ್ದು ಬರಬೇಕು?

ವಿಚಿತ್ರ ಅನಿಸಿದ್ದು ನಮಗೊಬ್ಬರಿಗೇ ಅಲ್ಲ. ಏಸುವಿನ ಮಾತನ್ನು ಊರೂರಿಗೆ ಸಾರಿದ ಪೌಲ ಗ್ರೀಸಿನ ಅಥೇನೆಯಲ್ಲಿ ಈ ಮಾತು ಎತ್ತಿದಾಗ ಅಲ್ಲಿನ ಪಂಡಿತರಲ್ಲಿ ಕೆಲವರು ನಕ್ಕರಂತೆ. ಯೆಹೂದ್ಯರಲ್ಲೇ ಸದ್ದುಕಾಯರು ಎಂಬ ಪಂಗಡದವರು ಇದನ್ನು ಒಪ್ಪುತ್ತಿರಲಿಲ್ಲ, ಫರಿಸಾಯರು ಎಂಬ ಇನ್ನೊಂದು ಪಂಗಡದವರು ಒಪ್ಪುತ್ತಿದ್ದರು.

ಏಸುವಿನ ಕತೆ ಹೇಳುವ ಬೈಬಲ್‌ನ ನಾಲ್ಕು ಪುಸ್ತಕಗಳಾದ ಸುವಾರ್ತೆಗಳಲ್ಲಿ ಏನಿದೆ ಅಂತ ನೋಡಿದರೆ ಕಾರವಾರದವರಿಗೆ ಖುಷಿಯಾಗುವ ಸಂಗತಿ ಒಂದಿದೆ. ಮೀನು. ಲೂಕ ಬರೆಯುವ ಪ್ರಕಾರ, ಎದ್ದು ಬಂದ ಏಸುವನ್ನು ಕಂಡು ಶಿಷ್ಯರು ದೆವ್ವವೇ ಬಂತು ಅಂತ ಹೆದರುತ್ತಾರೆ. ಮುಟ್ಟಿ ನೋಡಿ, ದೆವ್ವಕ್ಕೆ ಮಾಂಸ ಮೂಳೆ ಇರುತ್ತದೆಯೇ ಎಂದು ಅವನು ಕೇಳುತ್ತಾನೆ. ಆದರೂ ಅವರಿಗೆ ನಂಬಿಕೆ ಬರುವುದಿಲ್ಲ. ತಿನ್ನಲು ಏನಾದರೂ ಇದೆಯೇ ಅನ್ನುತ್ತಾನೆ. ಸುಟ್ಟ ಮೀನಿನ ತುಂಡೊಂದನ್ನು ಕೊಡುತ್ತಾರೆ, ಅವರೆದುರೇ ತಿನ್ನುತ್ತಾನೆ. ಯೋಹಾನನಲ್ಲಿ ಇನ್ನೂ ಜಾಸ್ತಿ ಇದೆ. ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಶಿಷ್ಯರು ಬೆಳಿಗ್ಗೆ ದಡದ ಕಡೆ ಬರುತ್ತಾರೆ. ದಡದಲ್ಲಿ ನಿಂತ ಯಾರೋ ಒಬ್ಬ, ದೋಣಿಯ ಬಲಗಡೆ ಬಲೆ ಹಾಕಿ ಅನ್ನುತ್ತಾನೆ. ಹಾಕಿದರೆ ಬಲೆ ಎಳೆಯಲಾರದಷ್ಟು ಮೀನು. ಲೆಕ್ಕವೂ ಇದೆ: 153 ದೊಡ್ಡ ಮೀನು, ಬಲೆ ಹರಿಯಲಿಲ್ಲ. ರಂಪಣಿ ಎಳೆಯುವುದನ್ನು ನೋಡಿದವರಿಗೆ ಗೊತ್ತು, ಬಲೆ ದಡಕ್ಕೆ ಬಿದ್ದ ಕೂಡಲೇ ಎಲ್ಲರ ಕಣ್ಣೂ ಲೆಕ್ಕದ ಮೇಲೆ. ಇಳಿದು ಬಂದರೆ ಅಲ್ಲಿ ಆಗಲೇ ಕೆಂಡ ಮಾಡಿ, ಮೀನು ಇಟ್ಟು, ಪಕ್ಕದಲ್ಲಿ ರೊಟ್ಟಿ ಇಟ್ಟುಕೊಂಡು ಅವನು ಕಾಯುತ್ತಿದ್ದಾನೆ. ಬನ್ನಿ, ಊಟ ಮಾಡಿ ಅನ್ನುತ್ತಾನೆ. ನೀನು ಯಾರು ಅಂತ ಕೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ, ಗೊತ್ತಿತ್ತಲ್ಲ.

ಇದು ಆತ್ಮದ ಕತೆ ಅಲ್ಲವೇ ಅಲ್ಲ. ಹಾಗಂತ ಹೆಣಕ್ಕೆ ಜೀವ ಬಂದ ಕತೆಯೂ ಅಲ್ಲ. ಅಂಥದ್ದು ಬೇಕಾದರೆ, ಸತ್ತ ಮೇಲೆ ಏಸು ಬದುಕಿಸಿದ ಲಾಜರನದಿದೆ. ಅವನು ಸಮಾಧಿಯಿಂದ ಹೊರಬಂದ, ಆದರೆ ಮತ್ತೊಂದು ದಿನ ಸಾಯಬೇಕಾದವನೇ. ಏಸುವಿನ ಸಂಗತಿ ಬೇರೆ. ಬಾಗಿಲು ಹಾಕಿದ ಕೋಣೆಯೊಳಗೆ ಬಂದು ನಿಲ್ಲುತ್ತಾನೆ. ಅವನ ಶಿಷ್ಯೆ ಮಗ್ದಲದ ಮರಿಯ ಅವನನ್ನು ತೋಟದವನು ಅಂದುಕೊಳ್ಳುತ್ತಾಳೆ. ಎಮ್ಮಾವು ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಅವನ ಜೊತೆ ಮಾತಾಡುತ್ತ ನಡೆದರೂ ಗುರುತು ಹತ್ತುವುದಿಲ್ಲ. ರೊಟ್ಟಿ ಮುರಿಯುವಾಗ ಹತ್ತುತ್ತದೆ, ಅಷ್ಟರಲ್ಲಿ ಮಾಯ. ಆದರೂ ನಂಬದೇ ಇದ್ದ ಶಿಷ್ಯ ತೋಮನಿಗೆ ತೋರಿಸುವುದು ಮಾತ್ರ ಅದೇ ಮೊಳೆಯ ಗಾಯ. ಹೊಸ ದೇಹ, ಹಳೇ ಗಾಯ. ನನಗೆ ಇಡೀ ಕತೆಯಲ್ಲಿ ಅತಿ ಹೆಚ್ಚು ನಾಟಿದ್ದು ಇದು. ದೇವರು ಹೊಸ ದೇಹ ಕೊಡುವುದಾದರೆ ಗಾಯ ಅಳಿಸಿ ಕೊಡಬಹುದಿತ್ತಲ್ಲ?

ಇದಕ್ಕೆ ಉತ್ತರ ಬೇಕಿದ್ದರೆ ಏಸುವಿಗಿಂತ ಹಿಂದಕ್ಕೆ ಹೋಗಬೇಕು. ಕ್ರಿಸ್ತಪೂರ್ವ ಎರಡನೇ ಶತಮಾನ. ಅಂತಿಯೋಕ ಎಂಬ ಗ್ರೀಕ್ ರಾಜ ಯೆಹೂದ್ಯರ ಧರ್ಮವನ್ನೇ ಅಳಿಸಲು ಹೊರಟಿದ್ದ. ಮಕ್ಕಬಿಯರ ಎರಡನೇ ಗ್ರಂಥದಲ್ಲಿ ಒಬ್ಬ ತಾಯಿ, ಏಳು ಮಕ್ಕಳ ಕತೆ ಬರುತ್ತದೆ. (ಕ್ಯಾಥೊಲಿಕರ ಬೈಬಲ್‌ನಲ್ಲಿ ಈ ಪುಸ್ತಕ ಇದೆ, ಪ್ರೊಟೆಸ್ಟೆಂಟರದರಲ್ಲಿ ಇಲ್ಲ. ಹುಡುಕುವವರಿಗೆ ಅನುಕೂಲ ಆಗಲಿ ಅಂತ ಹೇಳಿದೆ.) ಹಂದಿಮಾಂಸ ತಿನ್ನಲು ಒಪ್ಪಲಿಲ್ಲ ಎಂದು ತಾಯಿಯ ಕಣ್ಣೆದುರೇ ಒಬ್ಬೊಬ್ಬರನ್ನೇ ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತಾರೆ. ಮೂರನೆಯವನು ಕತ್ತರಿಸಿ ಎಂದು ತಾನಾಗಿಯೇ ಕೈ ಮುಂದೆ ಚಾಚಿ, ಇವನ್ನು ಕೊಟ್ಟವನು ಆ ದೇವರು, ಅವನಿಂದಲೇ ಮತ್ತೆ ಪಡೆಯುತ್ತೇನೆ ಎನ್ನುತ್ತಾನೆ.

ಕೈ ಕಳೆದುಕೊಂಡವನಿಗೆ ನಿನ್ನ ಆತ್ಮಕ್ಕೆ ಏನೂ ಆಗಿಲ್ಲ ಅಂತ ಸಮಾಧಾನ ಹೇಳಿದರೆ ಸಾಕಾ? ಆ ಹುಡುಗನಿಗೆ ಬೇಕಿದ್ದದ್ದು ಕೈ. ಅನ್ಯಾಯ ಆದದ್ದು ಕೈಗೆ, ನ್ಯಾಯವೂ ಅದಕ್ಕೇ ಸಿಗಬೇಕು. ಪುನರುತ್ಥಾನದ ನಂಬಿಕೆ ಗಟ್ಟಿಯಾದದ್ದು ಸಾವಿನ ಆಚೆ ಏನಿದೆ ಎಂಬ ಕುತೂಹಲದಿಂದ ಅಷ್ಟಾಗಿ ಅಲ್ಲ, ಈ ಸಿಟ್ಟಿನಿಂದ. ನಾನು ಕ್ರೈಸ್ತನಲ್ಲ. ಆದರೆ ಈ ಸಿಟ್ಟು ನನಗೆ ಅರ್ಥವಾಗುತ್ತದೆ.

ಯಲ್ಲಾಪುರ, ಹಳಿಯಾಳದ ಕಾಡಂಚಿನ ಹಳ್ಳಿಗಳ ಸಿದ್ದಿಗಳು ನೆನಪಾಗುತ್ತಾರೆ. ಅವರ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು, ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಅವರಲ್ಲಿದ್ದಾರೆ. ಇವತ್ತು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಆ ಅಜ್ಜ ಅಜ್ಜಿಯರನ್ನು ಕೊಂಡವರು ಕೊಂಡದ್ದು ದೇಹವನ್ನು. ರಟ್ಟೆ ನೋಡಿ, ಹಲ್ಲು ನೋಡಿ ಬೆಲೆ ಕಟ್ಟಿದರು. ಕೊಂಡವರೂ ಭಾನುವಾರ ಇದೇ ವಿಶ್ವಾಸ ಪ್ರಮಾಣ ಹೇಳುತ್ತಿದ್ದವರೇ ಅನ್ನುವುದು ಬೇರೆ ಕತೆ, ಅದನ್ನೂ ಮರೆಯುವ ಹಾಗಿಲ್ಲ. ಅಂಥ ವಂಶದ ಕ್ರೈಸ್ತ ಸಿದ್ದಿ ಹೆಂಗಸೊಬ್ಬಳು "ಶರೀರದ ಪುನರುತ್ಥಾನ" ಎಂದು ಹೇಳುವಾಗ ಅದರ ತೂಕವೇ ಬೇರೆ ಅಂತ ನನಗನಿಸುತ್ತದೆ.

ಎದ್ದದ್ದು ದೇಹವಲ್ಲ, ಆತ್ಮ ಎನ್ನುವ ಆತ್ಮದ ಪಕ್ಷದವರದು ಸುಮ್ನೆ ವಾದ ಅಂದುಕೊಳ್ಳಬೇಡಿ. ಅವರ ಕೈಯಲ್ಲೂ ಗಟ್ಟಿ ಮಾತಿದೆ. ಪೌಲ ಕೊರಿಂಥದವರಿಗೆ ಪತ್ರ ಬರೆದದ್ದು ಏಸು ಸತ್ತು ಸುಮಾರು ಇಪ್ಪತ್ತು ವರ್ಷಕ್ಕೆ, ಸುವಾರ್ತೆಗಳಿಗಿಂತ ಮೊದಲು. ಅದರಲ್ಲಿ ಏಸು ಯಾರು ಯಾರಿಗೆ ಕಾಣಿಸಿದ ಎಂಬ ಪಟ್ಟಿ ಇದೆ. ಖಾಲಿ ಸಮಾಧಿಯ ಮಾತಿಲ್ಲ, ಮೀನಿನ ಮಾತಂತೂ ಇಲ್ಲವೇ ಇಲ್ಲ. ಕೊನೆಗೆ ತನ್ನ ಹೆಸರನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. ದಮಸ್ಕದ ದಾರಿಯಲ್ಲಿ ಅವನು ಕಂಡದ್ದು ಬೆಳಕು, ಕೇಳಿದ್ದು ದನಿ. ಹಾಗಾದರೆ ಉಳಿದವರು ಕಂಡದ್ದೂ ಅಂಥದ್ದೇ ಇರಬಹುದಲ್ಲ? ರಕ್ತಮಾಂಸ ದೇವರ ರಾಜ್ಯಕ್ಕೆ ಬಾಧ್ಯವಾಗಲಾರದು ಎಂದು ಅದೇ ಅಧ್ಯಾಯದಲ್ಲಿ ಬರೆದಿದ್ದಾನೆ. ಇನ್ನು ಮಾರ್ಕನ ಸುವಾರ್ತೆ. ನಾಲ್ಕನೇ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಲ್ಲಿ ಅದು ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋದರು ಎಂಬಲ್ಲಿಗೇ ನಿಲ್ಲುತ್ತದೆ. ಎದ್ದ ಏಸು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಪೌಲನನ್ನು ಪೂರ್ತಿ ಆ ಕಡೆಗೆ ಎಳೆಯಲೂ ಆಗುವುದಿಲ್ಲ. ಅವನು ಬಿತ್ತುವವನ ಮಾತು ತೆಗೆಯುತ್ತಾನೆ. ಗದ್ದೆಗೆ ಹಾಕುವುದು ಕಾಳು, ಏಳುವುದು ಪೈರು. ಎರಡೂ ಒಂದೇ ಅನ್ನಲಾಗದು, ಸಂಬಂಧವಿಲ್ಲ ಅನ್ನಲೂ ಆಗದು. ಬಿದ್ದದ್ದು ಪ್ರಾಣದ ದೇಹ, ಏಳುವುದು ಆತ್ಮಿಕ ದೇಹ ಎನ್ನುತ್ತಾನೆ. ಎರಡು ಕಡೆಯೂ ದೇಹವನ್ನು ಮಾತ್ರ ಬಿಟ್ಟಿಲ್ಲ, ನೋಡಿ. ಪುನರುತ್ಥಾನ ಈಗಾಗಲೇ ಆಗಿಹೋಗಿದೆ, ಅರಿವು ಬಂದರೆ ಅದೇ ಪುನರುತ್ಥಾನ ಎನ್ನುವವರು ಆಗಿನ ಕಾಲಕ್ಕೇ ಇದ್ದರು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಹಳೇ ಪುಸ್ತಕಗಳಲ್ಲಿ ಆ ಧಾಟಿಯ ಪತ್ರವೊಂದಿದೆ. ಇಪ್ಪತ್ತನೇ ಶತಮಾನದಲ್ಲಿ ಜರ್ಮನಿಯ ಕ್ರೈಸ್ತ ವಿದ್ವಾಂಸ ರುಡಾಲ್ಫ್ ಬುಲ್ಟ್‌ಮನ್, ಶಿಷ್ಯರಲ್ಲಿ ಹುಟ್ಟಿದ ನಂಬಿಕೆ, ಅವರು ಸಾರಿದ ಮಾತು, ಕ್ರಿಸ್ತ ಎದ್ದದ್ದು ಅಲ್ಲಿ ಎಂಬರ್ಥದಲ್ಲಿ ಬರೆದರು. ಓದಿದ ಮನಸ್ಸಿಗೆ ಇದು ಸುಲಭವಾಗಿ ಇಳಿಯುತ್ತದೆ. ಜಾಸ್ತಿ ಸುಲಭವಾಗಿಯೇ ಇಳಿಯುತ್ತದೆ, ನನ್ನ ತಕರಾರು ಅಲ್ಲೇ. ಆ ಹುಡುಗನ ಕೈ ಎಲ್ಲಿ ಹೋಯಿತು?

ದೇಹದ ಪಕ್ಷ ಹಿಡಿದರೆ ಬೇರೆ ತಲೆನೋವು. ಅರಬ್ಬಿ ಸಮುದ್ರದಲ್ಲಿ ದೋಣಿ ಮಗುಚಿ ಸತ್ತವರ ಹೆಣ ಎಷ್ಟೋ ಸಲ ಸಿಗುವುದೇ ಇಲ್ಲ. ಮನುಷ್ಯನನ್ನು ಮೀನು ತಿಂದಿತು, ಆ ಮೀನನ್ನು ಇನ್ನೊಬ್ಬ ಮನುಷ್ಯ ತಿಂದ. ಕೊನೇ ದಿನ ಆ ಮಾಂಸ ಯಾರ ಪಾಲು? ತಮಾಷೆ ಅಲ್ಲ, ಎರಡನೇ ಶತಮಾನದಿಂದಲೇ ವಿರೋಧಿಗಳು ಇದನ್ನು ಕೇಳಿ ಕಾಡಿದ್ದಾರೆ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್, ದೇಹದೊಳಗಿನ ಪದಾರ್ಥ ಬದುಕಿದ್ದಾಗಲೇ ದಿನಾ ಬದಲಾಗುತ್ತಿರುತ್ತದೆ, ಉಳಿಯುವುದು ಅವನವನ ರೂಪ, ಏಳುವುದೂ ಅದೇ ಎಂದ. ಅವನಾದ ಮೇಲೆ ಹಲವರಿಗೆ ಇದು ಆತ್ಮದ ಕಡೆಗೆ ತೀರಾ ವಾಲಿತು ಅನಿಸಿತು. ಅವರಲ್ಲಿ ಮುಂದೆ ಬಂದ ಬಿಷಪ್ ಅಗಸ್ಟೀನ್ ಮಾತ್ರ ಕೂತು ಒಂದೊಂದನ್ನೇ ಬಿಡಿಸುತ್ತಾನೆ. ತಿಂದ ಮಾಂಸ ಮೊದಲು ಯಾರದ್ದೋ ಅವರಿಗೇ ವಾಪಸ್. ಹಸುಗೂಸಾಗಿ ಸತ್ತವರು ತುಂಬು ಪ್ರಾಯದಲ್ಲಿ ಏಳುತ್ತಾರೆ. ಕತ್ತರಿಸಿದ ಉಗುರು ಕೂದಲಿನ ವಿಚಾರವನ್ನೂ ಬಿಟ್ಟಿಲ್ಲ. ಓದುವಾಗ ನಗು ಬರುತ್ತದೆ. ಅದೇ ಕೈ ಮುಂದೆ ಹೋಗಿ, ಹುತಾತ್ಮರ ಗಾಯದ ಗುರುತು ಹಾಗೇ ಇರುತ್ತದೆ, ಅದು ಅವರಿಗೆ ಕುಂದಲ್ಲ ಎಂದೂ ಬರೆಯುತ್ತದೆ. ಬೈಬಲ್‌ನ ಕೊನೆಯ ಪುಸ್ತಕದಲ್ಲಂತೂ ಸಮುದ್ರ ತನ್ನಲ್ಲಿದ್ದ ಸತ್ತವರನ್ನು ಒಪ್ಪಿಸಿತು ಎಂಬ ಸಾಲೇ ಇದೆ. ಮಳೆಗಾಲದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಕರಾವಳಿಯ ಜನ ಇದನ್ನೆಲ್ಲ ಓದಿ ತಲೆಕೆಡಿಸಿಕೊಂಡವರಲ್ಲ. ಶಾಲೆಗೆ ಹೋಗುವಾಗ ನಾನು ದಾಟುತ್ತಿದ್ದ ಚರ್ಚಿನ ಹಿಂದೆ ಚಿರೆಕಲ್ಲಿನ ಗೋಡೆಯ ಸಣ್ಣ ಸ್ಮಶಾನವಿತ್ತು. ಜಾಗ ಕಮ್ಮಿ. ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿಯನ್ನು ಮತ್ತೆ ತೋಡುತ್ತಿದ್ದರು. ತೋಡುವವನು ಹಾರೆಯನ್ನು ಪಕ್ಕಕ್ಕಿಟ್ಟು, ಕೈಯಲ್ಲೇ ಮಣ್ಣು ಸರಿಸಿ, ಎಲುಬುಗಳನ್ನು ಒಂದೊಂದೇ ಎತ್ತಿ ಬುಟ್ಟಿಗೆ ಹಾಕಿ ಮೂಲೆಯ ಎಲುಬಿನ ಗುಂಡಿಗೆ ಇಳಿಸುತ್ತಿದ್ದ. ಯಾರ ಅಜ್ಜ, ಯಾರ ಅಜ್ಜಿ, ಎಲ್ಲ ಒಟ್ಟಿಗೆ. ಆದರೂ ನವೆಂಬರ್ 2ರಂದು ಮೃತರ ದಿನ ಬಂದಾಗ ಹುಲ್ಲು ಕಿತ್ತು, ಹೂ ಇಟ್ಟು, ಮೇಣದ ಬತ್ತಿ ಹಚ್ಚುತ್ತಿದ್ದರು. ಯಾವ ಎಲುಬು ಯಾರದ್ದು ಎಂಬ ಲೆಕ್ಕ ದೇವರಿಗೆ ಬಿಟ್ಟದ್ದು.

ಈಗ ಬೂದಿಯ ರೂಲ್ಸ್. ಯುರೋಪಿನಲ್ಲಿ ಕೆಲವರು ಪುನರುತ್ಥಾನವನ್ನು ಅಲ್ಲಗಳೆಯಲೆಂದೇ ದಹನದ ಪರ ನಿಂತಿದ್ದರು. ಅದಕ್ಕೇ 1886ರಲ್ಲಿ ಕ್ಯಾಥೊಲಿಕ್ ಚರ್ಚು ದಹನವನ್ನು ನಿಷೇಧಿಸಿತು. 1963ರಲ್ಲಿ ಆ ನಿಷೇಧ ಸಡಿಲವಾಯಿತು. ಸುಟ್ಟರೂ ಹೂತರೂ ಎಬ್ಬಿಸುವುದು ದೇವರಿಗೆ ಕಷ್ಟವಲ್ಲ ಎಂಬುದು ಸಮಜಾಯಿಷಿ. ವ್ಯಾಟಿಕನ್ನಿನ 2016ರ ಸೂಚನೆ ಹೇಳಿದ್ದು: ಬೂದಿಯನ್ನು ಗಾಳಿಗೆ, ನೆಲಕ್ಕೆ, ನೀರಿಗೆ ಚೆಲ್ಲಬಾರದು, ಹಂಚಿಕೊಳ್ಳಬಾರದು, ಪವಿತ್ರ ಜಾಗದಲ್ಲಿಡಬೇಕು. ಸತ್ತವರು ಪ್ರಕೃತಿಯಲ್ಲಿ ಕರಗಿಹೋದರು ಎಂಬ ಅರ್ಥ ಬರಬಾರದು, ಅವರು ಅವರಾಗಿಯೇ ಏಳಬೇಕಾದವರು ಎಂಬುದು ಅದರ ಹಿಂದಿನ ಯೋಚನೆ. 2023ರಲ್ಲಿ ಸ್ವಲ್ಪ ಮೆತ್ತಗಾಗಿ, ಬೂದಿಯ ಒಂದು ಸಣ್ಣ ಭಾಗವನ್ನು ಸತ್ತವರಿಗೆ ಪ್ರಿಯವಾದ ಜಾಗದಲ್ಲಿ ಇಟ್ಟುಕೊಳ್ಳಲು ಚರ್ಚಿನ ಒಪ್ಪಿಗೆ ಕೇಳಬಹುದು ಎಂದಿದ್ದಾರೆ. ಚೆಲ್ಲಲು ಈಗಲೂ ಇಲ್ಲ. ಕಾರವಾರ ಧರ್ಮಪ್ರಾಂತ್ಯ ಬೆಳಗಾವಿಯಿಂದ ಬೇರೆಯಾಗಿ 1976ರಿಂದ ಇದೆ. ಇಲ್ಲಿಂದ ಒಯ್ಯುವ ಮನೆಯವರು ಊರಿನ ಪಾದ್ರಿಗಳ ಹತ್ತಿರ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಒಯ್ಯಲು ಬೇಕಾದ ಕಾಗದಪತ್ರದ ವಿವರ ಬೇಕಿದ್ದವರಿಗೆ ಸಂಘದ ಕಾರ್ಯದರ್ಶಿ ಸಹಾಯ ಮಾಡುತ್ತಾರೆ.

ಕುಮಟಾದ ಗೆಳೆಯರು ಈ ಬರಹದ ಕರಡು ಓದಿ, "ಎಲ್ಲ ಸರಿ, ಆ ದಡದಲ್ಲಿ ಸುಟ್ಟದ್ದು ಯಾವ ಮೀನು?" ಎಂದು ಕೇಳಿದ್ದಾರೆ. ಯೋಹಾನ ಬರೆದಿಲ್ಲ. ಗಲಿಲಾಯದ್ದು ಸಿಹಿನೀರಿನ ಸರೋವರ, ಹಾಗಾಗಿ ಬಂಗಡೆ, ಇಸ್ವಣ ಅಲ್ಲ ಅನ್ನುವುದಂತೂ ಖಾತ್ರಿ. ನಮ್ಮ ಕ್ರೈಸ್ತ ಸದಸ್ಯರು, ಕ್ಯಾಥೊಲಿಕರಾಗಲಿ ಪ್ರೊಟೆಸ್ಟೆಂಟರಾಗಲಿ, ನಾನು ಬರೆದದ್ದಕ್ಕೆ ತಕರಾರಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ.